ಸಂಶಯದ ಗಂಡನಿಗೆ ಸಿಕ್ಕ ಹೊಸ ಆಯುಧ

ಜೀವನಾಂಶ ಕೇಳಿ ಹೆಂಡತಿ ಕೋರ್ಟಿನ ಮೆಟ್ಟಿಲು ಹತ್ತಿದ ಕೂಡಲೇ ಕೆಲವು ಗಂಡಂದಿರ ಬಾಯಲ್ಲಿ ಒಂದೇ ಮಾತು: “ಈ ಮಗು ನನ್ನದಲ್ಲ, ಡಿಎನ್‌ಎ ಪರೀಕ್ಷೆ ಮಾಡಿಸಿ.” ವರದಕ್ಷಿಣೆ ಎಣಿಸಿಕೊಳ್ಳುವಾಗ, ಮಗುವಿಗೆ ಹೆಸರಿಡುವಾಗ ಇರದ ಅನುಮಾನ, ಮಗುವಿನ ಅನ್ನಕ್ಕೆ ದುಡ್ಡು ಕೊಡಬೇಕಾದಾಗ ಎಲ್ಲಿಂದ ಬಂತು?

ವಿಜ್ಞಾನದ ಮೇಲೆ ನನ್ನ ತಕರಾರಿಲ್ಲ. ಮಗುವಿನ ಡಿಎನ್‌ಎ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತದೆ. ರಕ್ತ, ಎಂಜಲು ಹೋಲಿಸಿ ತಂದೆ ಯಾರೆಂದು ಹೇಳಬಹುದು. ರಾಜಕಾರಣಿ ಎನ್.ಡಿ. ತಿವಾರಿ ಒಪ್ಪದಿದ್ದರೂ, ಹೋರಾಡಿದ ಮಗನಿಗೆ ಅವರೇ ತಂದೆಯೆಂದು 2012ರಲ್ಲಿ ತಿಳಿದುಬಂದದ್ದು ಇದೇ ಪರೀಕ್ಷೆಯಿಂದ. ಪ್ರಶ್ನೆ ಇಷ್ಟೆ: ಪರೀಕ್ಷೆ ಯಾರ ಹಿತಕ್ಕೆ, ಯಾರ ಒಪ್ಪಿಗೆಯಿಂದ?

ಗೆಳತಿಯರೇ, ಕಾನೂನು ನಮ್ಮನ್ನು ಪೂರ್ತಿ ಕೈಬಿಟ್ಟಿಲ್ಲ. ಮದುವೆ ಊರ್ಜಿತವಾಗಿರುವಾಗ ಹುಟ್ಟಿದ ಮಗು ಆ ದಂಪತಿಗಳದ್ದೇ ಎಂದು 1872ರ ಸಾಕ್ಷ್ಯ ಕಾಯಿದೆಯ 112ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಅದೇ ಮಾತು ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಮಿನಲ್ಲಿದೆ. ಗರ್ಭ ನಿಲ್ಲುವ ಕಾಲದಲ್ಲಿ ಇಬ್ಬರೂ ಕೂಡಲು ಅವಕಾಶವೇ ಇರಲಿಲ್ಲವೆಂದು ಗಂಡ ತೋರಿಸಬೇಕು. ಬರೀ ಅನುಮಾನ ಸಾಲದು. ರಕ್ತ ಪರೀಕ್ಷೆಯನ್ನು ಕೇಳಿದವರಿಗೆಲ್ಲ ಕೊಡುವಂತಿಲ್ಲ, ತಾಯಿಗೂ ಮಗುವಿಗೂ ಅಂಟುವ ಕಳಂಕವನ್ನು ಯೋಚಿಸಬೇಕು ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ.

ಆದರೆ 2014ರಲ್ಲಿ ಅದೇ ಕೋರ್ಟ್, ಪರೀಕ್ಷೆ ನಡೆದು ವರದಿ ಬಂದ ಮೇಲೆ ಕಾನೂನಿನ ಊಹೆಗಿಂತ ವರದಿಯೇ ಮೇಲು ಎಂದು ತೀರ್ಪಿತ್ತಿತು. ಆದ್ದರಿಂದ ಆಕ್ಷೇಪಣೆಯನ್ನು ಪರೀಕ್ಷೆಗೆ ಮೊದಲೇ ಸಲ್ಲಿಸಬೇಕು. ನಾನು ಕಂಡ ಎಷ್ಟೋ ಹೆಂಗಸರು “ನನ್ನದೇನು ತಪ್ಪಿದೆ, ಮಾಡಿಸಲಿ” ಎಂದು ರೋಷದಿಂದ ಒಪ್ಪಿಬಿಡುತ್ತಾರೆ. ಆ ರೋಷ ನ್ಯಾಯವಾದದ್ದೇ. ಆದರೂ ಪರೀಕ್ಷೆಗೆ ನಿಲ್ಲುವುದು ತಾಯಿ ಮಾತ್ರವಲ್ಲ, ಬಾಯಿಲ್ಲದ ಮಗು ಕೂಡ.

ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಆ ದಾವೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮಗುವಿನ ಡಿಎನ್‌ಎ ಮಾಹಿತಿಯೂ ಆ ಹಕ್ಕಿನೊಳಗೇ ಬರುತ್ತದೆ, ಗಂಡಹೆಂಡಿರ ಜಗಳಕ್ಕೆ ಮಗುವನ್ನು ದಾಳ ಮಾಡಬೇಡಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಎಚ್ಚರಿಸಿತು.

ಇಷ್ಟಾದರೂ ಕೋರ್ಟಿನ ಹೊರಗೆ ಬಾಗಿಲು ತೆರೆದೇ ಇದೆ. ಖಾಸಗಿ ಪ್ರಯೋಗಾಲಯಗಳು ಪಿತೃತ್ವ ಪರೀಕ್ಷೆಯನ್ನು ಮಾರುತ್ತಿವೆ. ಡಿಎನ್‌ಎ ಪ್ರಯೋಗಾಲಯಗಳಿಗೆ ಅಂಕುಶ ಹಾಕಲು 2019ರಲ್ಲಿ ಲೋಕಸಭೆಗೆ ತಂದ ಮಸೂದೆಯನ್ನು ಸರ್ಕಾರ 2023ರಲ್ಲಿ ವಾಪಸು ಪಡೆಯಿತು. ಮಲಗಿದ ಮಗುವಿನ ಬಾಯಿಂದ ಎಂಜಲು ಒರೆಸಿ ಕಳಿಸಿದರೆ ಕೇಳುವವರಾರು? ತಾಯಿಯ ಲಿಖಿತ ಒಪ್ಪಿಗೆ ಅಥವಾ ಕೋರ್ಟಿನ ಆದೇಶವಿಲ್ಲದೆ ಮಗುವಿನ ಪರೀಕ್ಷೆ ಮಾಡಕೂಡದೆಂಬ ಸ್ಪಷ್ಟ ಕಾನೂನು ಬೇಕೆಂಬುದು ನನ್ನ ಒತ್ತಾಯ.

ಶೀಲದ ಮೇಲಿನ ಆರೋಪವೂ ಹಿಂಸೆಯೇ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಡಿ ದೂರು ಬರೆದುಕೊಳ್ಳುವ ನಮೂನೆಯಲ್ಲಿ ಅದು ವರದಕ್ಷಿಣೆ ತರಲಿಲ್ಲವೆಂಬ, ಗಂಡು ಹೆರಲಿಲ್ಲವೆಂಬ ಹೀಯಾಳಿಕೆಯ ಜೊತೆಗೇ ಇದೆ. ಅದನ್ನು ಬಿಡದೆ ಬರೆಸಿ.

ನಿಮ್ಮ ಸಂಘದ ಯಾವ ಸದಸ್ಯೆಗಾದರೂ ಇಂಥ ನೋಟಿಸು ಬಂದರೆ ಅವಳನ್ನು ಒಬ್ಬಳೇ ಕಳಿಸಬೇಡಿ. ವಕೀಲರನ್ನು ಕೇಳದೆ ಯಾವ ಕಾಗದಕ್ಕೂ ರುಜು, ಹೆಬ್ಬೆಟ್ಟು ಬೇಡ. ಕೋರ್ಟ್ ಆದೇಶ ಕೊಟ್ಟ ಮೇಲೆ ಸುಮ್ಮನೆ ನಿರಾಕರಿಸಿದರೆ ಅದನ್ನೇ ಅವಳ ವಿರುದ್ಧ ಬಳಸಬಹುದು. ಆದಾಯ ಎಷ್ಟೇ ಇರಲಿ, ಪ್ರತಿ ಹೆಣ್ಣಿಗೂ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.