ಗಾಳಿಯಲ್ಲೇ ಸ್ಪರ್ಶ!

ಜಾವಗಲ್ಲಿನಿಂದ ಹಳೇಬೀಡಿಗೆ ಪ್ರವಾಸ ಹೋದಾಗ ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳು, ‘ಸಾರ್, ಶಿಲ್ಪ ಮುಟ್ಟಲಾ?’ ಎಂದಳು. ಮುಟ್ಟಿದರೆ ಸವೆಯುತ್ತದೆ ಎನ್ನಲು ನನಗೆ ನಾಲಿಗೆ ಏಳಲಿಲ್ಲ.

ಮುಟ್ಟದೆ ಸ್ಪರ್ಶ ಸಾಧ್ಯವೇ ಮಕ್ಕಳೇ? ನಮ್ಮ ಕಿವಿಗೆ 20,000 ಹರ್ಟ್ಸ್ ಮೀರಿದ ಧ್ವನಿ ಕೇಳಿಸದು. ಅದೇ ಶ್ರವಣಾತೀತ ಧ್ವನಿ. ಸಾಲಾಗಿ ಜೋಡಿಸಿದ ಪುಟ್ಟ ಸ್ಪೀಕರುಗಳ 40,000 ಹರ್ಟ್ಸ್ ಅಲೆಗಳು ಒಂದೇ ಬಿಂದುವಿನಲ್ಲಿ ಕೂಡಿದರೆ, ಅಲ್ಲಿ ಹಿಡಿದ ಅಂಗೈಯನ್ನು ಮೆಲ್ಲನೆ ಒತ್ತುತ್ತವೆ. ಆ ಒತ್ತಡವನ್ನು ಸೆಕೆಂಡಿಗೆ ಸುಮಾರು 200 ಸಲ ಏರಿಳಿಸಿದರೆ ಚರ್ಮಕ್ಕೆ ಕಂಪನ ತಿಳಿಯುತ್ತದೆ. ಬಿಂದುವನ್ನು ಸರಿಸಿದರೆ ಆಕಾರ ಮೂಡುತ್ತದೆ. 2008ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಸ್ಪರ್ಶವನ್ನು ಪ್ರದರ್ಶಿಸಿದರು.

ಆದರೆ ಬಳಪದ ಕಲ್ಲಿನ ತಂಪು, ನುಣುಪು ಇದರಿಂದ ಬಾರದು. ಮರುದಿನ ತರಗತಿಗೆ ಜೇಡಿಮಣ್ಣು ತರಿಸಿದೆ. ಗೆಳತಿಯರು ಗುಡಿಯ ಆನೆಸಾಲನ್ನು ಮಾಡಿಕೊಟ್ಟರು. ಅವಳು ಬೆರಳಾಡಿಸಿ ನಕ್ಕಳು: ‘ಸಾರ್, ಸೊಂಡಿಲು!’