ಪೇಟಿಯ ಮೇಲೆ ನಾಲ್ಕನೇ ಬೆರಳು

ಶುಕ್ರವಾರ ರಾತ್ರಿ ಪುಣೆಯಲ್ಲಿ ಬಸ್ ಹತ್ತಿ ನಿಪ್ಪಾಣಿಯಲ್ಲಿ ಇಳಿಯುವ ನಮ್ಮ ವಯಸ್ಸಿನ ಕೆಲವರ ಕೈಯಲ್ಲಿ ಈಗ ಲ್ಯಾಪ್‌ಟಾಪ್ ಜೊತೆ ಸಣ್ಣದೊಂದು ಕೀಬೋರ್ಡೂ ಇರುತ್ತೆ. ಯೂಟ್ಯೂಬ್ ನೋಡಿ ಕಾರ್ಡ್ಸ್ ಕಲಿತಿರ್ತಾರೆ. ಊರ ಭಜನಿಯಲ್ಲಿ ಅದನ್ನ ನುಡಿಸಿದ ಕೂಡಲೇ ಪೇಟಿ ಮಾಸ್ತರು, "ತಮ್ಮಾ, ಆ ಸ್ವರ ಇಲ್ಲಿ ಬರಂಗಿಲ್ಲ" ಅಂತಾರೆ. ಹುಡುಗನಿಗೆ ಬೇಜಾರು, ಮಾಸ್ತರಿಗೆ ಕಿರಿಕಿರಿ. ಬಹಳ ಸಲ ಈ ಜಗಳದ ಮೂಲ ಒಂದೇ: ಸೆವೆಂತ್ ಕಾರ್ಡ್.

ಅದೇನು ಅಂತ ಪೇಟಿ ಮೇಲೇ ನೋಡೋಣ. ಬಿಳಿ ಒಂದನ್ನ ಸಾ ಅಂತ ಇಟ್ಕೊಳ್ಳಿ. ರಿ ಬಿಟ್ಟು ಗ, ಮ ಬಿಟ್ಟು ಪ. ಸಾ-ಗ-ಪ ಒಟ್ಟಿಗೆ ಒತ್ತಿದರೆ ಸಾದಾ ಮೇಜರ್ ಕಾರ್ಡ್. ಹಂಗೇ ಮುಂದುವರಿದು ಧ ಬಿಟ್ಟು ನಿ ಸೇರಿಸಿ. ಸಾ ದಿಂದ ಎಣಿಸಿದರೆ ನಿ ಏಳನೇ ಸ್ವರ, ಅದಕ್ಕೇ ಸೆವೆಂತ್. ಬೆರಳು ನಾಲ್ಕು, ಹೆಸರು ಏಳು!

ಕರಿ-ಬಿಳಿ ಎರಡೂ ಪಟ್ಟಿ ಎಣಿಸಿ ಅಂತರ ನೋಡಿದರೆ ಮುಖ್ಯವಾದ ಮೂರು ಬಗೆ ಸಿಗ್ತವೆ:

ಸಾ-ಗ-ಪ-ಶುದ್ಧ ನಿ: ಅಂತರ 4-3-4. ಮೇಜರ್ ಸೆವೆಂತ್, ಮೃದು.
ಸಾ-ಗ-ಪ-ಕೋಮಲ ನಿ: 4-3-3. ಡಾಮಿನೆಂಟ್ ಸೆವೆಂತ್, ಚಡಪಡಿಕೆ.
ಸಾ-ಕೋಮಲ ಗ-ಪ-ಕೋಮಲ ನಿ: 3-4-3. ಮೈನರ್ ಸೆವೆಂತ್, ತುಸು ವಿಷಾದ.

ಎರಡನೆಯದಕ್ಕೆ ಚಡಪಡಿಕೆ ಯಾಕೆ? ಅದರ ಗ ಮತ್ತು ಕೋಮಲ ನಿ ನಡುವೆ 6 ಪಟ್ಟಿ ಅಂತರ, ಅಂದ್ರೆ 12ರ ಸಪ್ತಕದಲ್ಲಿ ಸರಿಯಾಗಿ ಅರ್ಧ. ಕಿವಿಗೆ ಅಲ್ಲಿ ನಿಲ್ಲೋಕೆ ಆಗಲ್ಲ. ಇದೇ ಕಾರ್ಡನ್ನ ಪ ದಿಂದ ಕಟ್ಟಿ: ಪ-ನಿ-ರಿ-ಮ. ನಿ ಒಂದು ಪಟ್ಟಿ ಮೇಲೇರಿ ಸಾ ಸೇರುತ್ತೆ, ಮ ಒಂದು ಪಟ್ಟಿ ಇಳಿದು ಗ ಸೇರುತ್ತೆ. ಹೊಲದಿಂದ ಮನಿಗೆ ಬಂದಂಗ ಆಗ್ತೈತಿ ನೋಡ್ರಿ.

ಇದೆಲ್ಲ ಹೊರಗಿನದು ಅಂತೀರಾ? ಕಾಗವಾಡದಿಂದ ಗಡಿ ದಾಟಿದರೆ ಮಿರಜ. ಅಬ್ದುಲ್ ಕರೀಮ್ ಖಾನ್ (1872–1937) ನೆಲೆಸಿದ್ದ ಊರು. ಅಲ್ಲಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ತಂಬೂರಿಯ ಖರಜದ ತಂತಿ 100 ಹರ್ಟ್ಸ್‌ನಲ್ಲಿ ಕಂಪಿಸಿದರೆ, ಅದರೊಳಗೇ 400, 500, 600, 700 ಹರ್ಟ್ಸ್‌ನ ನಾದಗಳೂ ಸಣ್ಣಗೆ ಇರ್ತವೆ. ಅವು ಸಾ, ಗ, ಪ, ಮತ್ತೆ ತುಸು ಇಳಿದ ಕೋಮಲ ನಿ! ಪೇಟಿಯ ಕೋಮಲ ನಿ ಸುಮಾರು 713ಕ್ಕೆ ಬರುತ್ತೆ. ಕಾರ್ಡ್ ನಾದದಲ್ಲೇ ಐತಿ, ಪಟ್ಟಿ ಸ್ವಲ್ಪ ಆಚೀಚೆ, ಅಷ್ಟೇ. ಪೇಟಿಯ ಶ್ರುತಿ ಬಗ್ಗೆ ತಕರಾರು ಎಷ್ಟಿತ್ತು ಅಂದ್ರೆ, ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನೇ ದೂರ ಇಟ್ಟಿತ್ತು.

ಹಂಗಾದ್ರೆ ಮಾಸ್ತರು ತಡೆದದ್ದು ಯಾಕೆ? ಭಜನಿ ಭೂಪ್ ರಾಗದಲ್ಲಿದೆ ಅನ್ನಿ. ಅದರಲ್ಲಿ ಸಾ ರಿ ಗ ಪ ಧ ಅಷ್ಟೇ. ಮ ಇಲ್ಲ, ನಿ ಇಲ್ಲ. ನೀವು ಸಾ-ಗ-ಪ-ನಿ ಒತ್ತಿದಿರಿ, ಇಲ್ಲದ ಸ್ವರ ಒಳಗೆ ಬಂತು. ಮಾಸ್ತರು ಹೇಳಿದ್ದು ಖರೇ.

ದಾರಿ ಇದೆ. ಧ-ಸಾ-ಗ-ಪ ಒತ್ತಿ, ಎಣಿಸಿ: 3-4-3. ಮೈನರ್ ಸೆವೆಂತ್, ನಾಲ್ಕೂ ಭೂಪ್‌ನ ಸ್ವರಗಳೇ. ದುರ್ಗಾದಲ್ಲಿ ರಿ-ಮ-ಧ-ಸಾ ಹಂಗೇ ಸಿಗುತ್ತೆ. ಮಾಲಕಂಸದಲ್ಲಿ ಮ-ಕೋಮಲ ಧ-ಸಾ-ಕೋಮಲ ಗ.

ಒಂದು ಎಚ್ಚರ ಮಾತ್ರ. ಭೂಪ್‌ನದೇ ಐದು ಸ್ವರ ದೇಶಕಾರದಲ್ಲೂ ಇವೆ. ಭೂಪ್‌ನಲ್ಲಿ ಗ ದೊಡ್ಡಪ್ಪ, ದೇಶಕಾರದಲ್ಲಿ ಧ ದೊಡ್ಡಪ್ಪ. ಕೆಳಗಿನ ಬೆರಳಲ್ಲಿ ಧ ಹಿಡಿದು ಕೂತರೆ ರಾಗ ಆ ಕಡೆ ವಾಲುತ್ತೆ. ಅದಕ್ಕೆ ಸಾ ಕೆಳಗಿಟ್ಟು ಸಾ-ಗ-ಪ-ಧ ಅಂತ ಹಿಡೀರಿ. ಸ್ವರ ಅವೇ ನಾಲ್ಕು, ನೆಲೆ ಸಾ ದಲ್ಲೇ.

ಅಥಣಿಯಲ್ಲಾಗಲಿ, ರಾಯಬಾಗದಲ್ಲಾಗಲಿ, ಚಿಕ್ಕೋಡಿಯಲ್ಲಾಗಲಿ, ಮುಂದಿನ ಭಜನಿಗೆ ಕೂಡೋ ಮುಂಚೆ ಒಂದು ಮಾತು ಕೇಳಿ: "ಮಾಸ್ತರ, ಇದು ಯಾವ ರಾಗ್ರೀ?" ಉತ್ತರ ಬಂದ ಮೇಲೆ ನಾಲ್ಕನೇ ಬೆರಳು ಎಲ್ಲಿ ಇಡಬೇಕು ಅನ್ನೋದು ಬರೀ ಎಣಿಕೆ. ಎಣಿಸೋದು ನಮಗೇನು ಹೊಸದಲ್ಲ.