ರಕ್ತದಾನ ಶಿಬಿರದಲ್ಲಿ ಒಂದು ಮರೆ ಬೇಕು

ರಾಜ್ಯದ ಮಾನ್ಯ ಆರೋಗ್ಯ ಸಚಿವರಿಗೆ,

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮಂಥ ಊರುಗಳ ರಕ್ತದಾನ ಶಿಬಿರಗಳಲ್ಲಿ ದಾನಿಗಳನ್ನು ಪ್ರಶ್ನಿಸುವ ಜಾಗಕ್ಕೆ ಮರೆ ಇರಬೇಕು, ಪರೀಕ್ಷೆಯ ಫಲಿತಾಂಶ ಅವರಿಗೆ ಮಾತ್ರ ತಲುಪಬೇಕು ಎಂಬುದು ನನ್ನ ಬೇಡಿಕೆ.

ಹಣಕ್ಕೆ ರಕ್ತ ಮಾರುವುದನ್ನು ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿಯಿಂದ ನಿಷೇಧಿಸಲಾಯಿತು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಈ ಐದಕ್ಕೂ ಪ್ರತಿ ಯೂನಿಟ್ ರಕ್ತವನ್ನು ಪರೀಕ್ಷಿಸಲೇಬೇಕು. ಆದರೂ ಸೋಂಕು ತಗುಲಿದ ಆರಂಭದ ದಿನಗಳಲ್ಲಿ ಯಾವ ಪರೀಕ್ಷೆಗೂ ಅದು ಸಿಗುವುದಿಲ್ಲ. ವೈರಾಣುವಿನ ವಂಶವಾಹಿಯನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಈ ಅವಧಿಯನ್ನು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಆಗ ರೋಗಿಯನ್ನು ಕಾಯುವುದು ದಾನಿ ಕೊಡುವ ನಿಜವಾದ ಉತ್ತರವೊಂದೇ.

ಆ ಉತ್ತರ ಎಲ್ಲಿ ಕೇಳುತ್ತೇವೆ ನೋಡಿ. ಶಾಲೆಯ ಜಗಲಿಯಲ್ಲೊಂದು ಮೇಜು. ಹಿಂದಿನ ಸಾಲಿನಲ್ಲಿ ಸೋದರಮಾವ, ಪಕ್ಕದ ಮನೆಯವರು, ಸಂಘದ ಹುಡುಗರು. ಕಾಮಾಲೆ ಬಂದಿತ್ತೇ, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡಿರಾ ಎಂದರೆ ಹೇಳಿಯಾರು. ಒಬ್ಬರಿಗಿಂತ ಹೆಚ್ಚು ಜನರ ಜೊತೆ ದೈಹಿಕ ಸಂಬಂಧವಿದೆಯೇ ಎಂದರೆ, ಇದ್ದವರೂ ‘ಇಲ್ಲ’ ಎಂದುಬಿಡುತ್ತಾರೆ. ಎದ್ದು ಹೊರಟರೆ ‘ಯಾಕೋ ವಾಪಸ್ ಬಂದೆ?’ ಎಂಬ ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತದೆ. ತೂಕ 45 ಕೆಜಿಗಿಂತ ಕಡಿಮೆ ಇದ್ದರೂ, ಹಿಮೋಗ್ಲೋಬಿನ್ 12.5 ಗ್ರಾಂ ಮುಟ್ಟದಿದ್ದರೂ ವಾಪಸ್ ಕಳಿಸುತ್ತಾರೆ. ಹಾಗಾಗಿ ಮರಳಿದವರನ್ನು ಯಾರೂ ಕಾರಣ ಕೇಳದಿದ್ದರೆ ಯಾರ ಮಾನವೂ ಹೋಗುವುದಿಲ್ಲ. ಇಷ್ಟು ಯೂನಿಟ್ ಆಗಲೇಬೇಕೆಂದು ಹಟ ಹಿಡಿದು ಹಿಂಜರಿಯುವವರ ಕೈ ಹಿಡಿದೆಳೆಯುವುದನ್ನೂ ಸಂಘಟಕರು ಬಿಡಬೇಕು.

ಇನ್ನು ಫಲಿತಾಂಶದ ಮಾತು. ಮನೆಗೆಲ್ಲ ಒಂದೇ ಮೊಬೈಲ್ ಇರುವ ಕಡೆ ರಕ್ತನಿಧಿಯ ಕರೆಯನ್ನು ಮಗಳು ಎತ್ತಬಹುದು. ಒಬ್ಬರ ಎಚ್‌ಐವಿ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಹಿರಂಗಪಡಿಸಬಾರದೆಂದು 2017ರ ಕಾಯ್ದೆ ಹೇಳುತ್ತದೆ. ಅದು ನಮ್ಮ ಹಟ್ಟಿಗಳಲ್ಲೂ ನಡೆಯಬೇಕಾದರೆ, ಯಾವ ನಂಬರಿಗೆ, ಯಾವ ಹೊತ್ತಿಗೆ ಕರೆ ಮಾಡಬೇಕೆಂದು ದಾನಿಯನ್ನೇ ಕೇಳಿ ಬರೆದುಕೊಳ್ಳಬೇಕು. ಮೊದಲ ಪರೀಕ್ಷೆಯಲ್ಲಿ ಅನುಮಾನ ಬಂತೆಂದರೆ ಕಾಯಿಲೆ ಖಚಿತವೆಂದಲ್ಲ, ಮರುಪರೀಕ್ಷೆ ಆಗಬೇಕು. ಇದನ್ನು ಫೋನಿನಲ್ಲಿ ಅವಸರದಿಂದ ಹೇಳಿದರೆ ಕೇಳಿದವರ ಜೀವವೇ ಹಾರಿಹೋಗುತ್ತದೆ. ದಿನಗೂಲಿ ಬಿಟ್ಟು ಹಾಸನಕ್ಕೆ ಅಲೆಯುವ ಬದಲು ಚನ್ನರಾಯಪಟ್ಟಣದ ತಾಲ್ಲೂಕು ಆಸ್ಪತ್ರೆಯಲ್ಲೇ ಆಪ್ತ ಸಮಾಲೋಚಕರು ಎದುರು ಕೂತು ತಿಳಿಸಲಿ. ಹೆಪಟೈಟಿಸ್ ಬಂದವರಿಗೂ ಇದೇ ಕಾಳಜಿ ಸಿಗಲಿ. ಹೆಪಟೈಟಿಸ್ ಸಿ ಈಗ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಲ್ಲಿ ವಾಸಿಯಾಗುತ್ತದೆ, 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಚಿಕಿತ್ಸೆಯೂ ಉಚಿತ. ಇದನ್ನು ಹೇಳುವವರಿಲ್ಲದೆ ಯಾರಾದರೂ ಯಕೃತ್ತು ಹಾಳುಮಾಡಿಕೊಂಡರೆ, ರಕ್ತ ಪಡೆದ ನಾವು ಅವರಿಗೆ ದ್ರೋಹ ಮಾಡಿದಂತೆ.

ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಅಂದು ಊರೂರಲ್ಲಿ ಶಿಬಿರಗಳು ನಡೆಯುತ್ತವೆ. ಅಷ್ಟರೊಳಗೆ ಎಲ್ಲ ರಕ್ತನಿಧಿಗಳಿಗೂ ಶಿಬಿರದ ಸಂಘಟಕರಿಗೂ ಈ ಬಗ್ಗೆ ಸುತ್ತೋಲೆ ಕಳಿಸಿ, ಪರದೆ ಕಟ್ಟದ ಶಿಬಿರಕ್ಕೆ ಅನುಮತಿ ಕೊಡಬೇಡಿ.

ಇಂತಿ,
ನುಗ್ಗೇಹಳ್ಳಿಯ ಒಬ್ಬ ರಕ್ತದಾನಿ